ಪ್ಯಾನೆಲ್ ದೊಡ್ಡದು ಮಾಡಬೇಡಿ, ಕಣ ಎಲ್ಲಿದೆ ಅಂತ ಮೊದಲು ನೋಡಿ

ಫ್ಲೂ ಸೋಂಕಿನ ಇಲಿಯ ಶ್ವಾಸಕೋಶದಲ್ಲಿ ಸಿಡಿ8 ಟಿ ಕಣಗಳನ್ನು (ಸೋಂಕಿತ ಜೀವಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು) ನೋಡೋಕೆ ಪ್ಯಾನೆಲ್‌ಗೆ, ಅಂದರೆ ಒಟ್ಟಿಗೆ ನೋಡುವ ಮಾರ್ಕರ್‌ಗಳ ಪಟ್ಟಿಗೆ, ಇನ್ನೂ ಯಾವ ಮಾರ್ಕರ್ (ಕಣದ ಗುರುತು ಹೇಳುವ ಪ್ರೋಟೀನ್) ಸೇರಿಸಲಿ ಅಂತ ಕೇಳಿದ್ದೀರಿ. ಒಂದೂ ಬೇಡ. ಪಿಎಚ್‌ಡಿಯಲ್ಲಿ ನಾನೂ ಮಾರ್ಕರ್ ಮೇಲೆ ಮಾರ್ಕರ್ ಸೇರಿಸುತ್ತಾ ಹೋದೆ, ಕೊನೆಗೆ ಒಂದು ಇಡೀ ಅಧ್ಯಾಯ ಕೈಬಿಡಬೇಕಾಯಿತು.

ಟಿ ಕಣಗಳು ರಕ್ತನಾಳ ದಾಟುವುದನ್ನು ಒಂದು ಔಷಧ ತಡೆಯುತ್ತದಾ ಅನ್ನೋದು ನನ್ನ ಪ್ರಶ್ನೆ. ರಕ್ತ ತೊಳೆಯೋಕೆ ಸತ್ತ ಇಲಿಯ ಹೃದಯದ ಬಲಭಾಗದಿಂದ ಬಫರ್ (ಉಪ್ಪಿನ ದ್ರಾವಣ) ಹಾಯಿಸುತ್ತಿದ್ದೆ. ಶ್ವಾಸಕೋಶ ಕಣ್ಣೆದುರೇ ಬೆಳ್ಳಗಾಗುತ್ತಿತ್ತು. ರಕ್ತ ಪೂರ್ತಿ ಹೋಯಿತು ಅಂತ ನಂಬಿ, ಕತ್ತರಿಸಿ, ಅಂಗಾಂಶ ಕರಗಿಸುವ ಕೊಲಾಜಿನೇಸ್ ಕಿಣ್ವ ಹಾಕಿ, ಸೋಸಿ, ಫ್ಲೋಗೆ (ಫ್ಲೋ ಸೈಟೋಮೆಟ್ರಿ, ಬಣ್ಣ ನೋಡಿ ಕಣಗಳನ್ನು ಒಂದೊಂದಾಗಿ ಎಣಿಸುವ ಯಂತ್ರ) ಕೊಡುತ್ತಿದ್ದೆ. ಔಷಧ ಕೊಟ್ಟರೂ ಕೊಡದಿದ್ದರೂ ಲೆಕ್ಕ ಒಂದೇ. ಔಷಧ ಕೆಲಸ ಮಾಡಲ್ಲ ಅಂತ ಬರೆದೇಬಿಟ್ಟೆ.

ತಪ್ಪಿದ್ದು ಆ ಬಿಳಿ ಬಣ್ಣವನ್ನು ನಂಬಿದ್ದರಲ್ಲಿ. ಬೆಳ್ಳಗಾಯಿತು ಅಂದರೆ ಕೆಂಪು ರಕ್ತಕಣ ಹೋಗಿವೆ, ಅಷ್ಟೇ. ಅಲ್ಲಿನ ಕ್ಯಾಪಿಲರಿಗಳು (ಅತಿ ಸಣ್ಣ ರಕ್ತನಾಳಗಳು) ಎಷ್ಟು ಕಿರಿದು ಅಂದರೆ ಬಿಳಿ ರಕ್ತಕಣಗಳು ಮೈ ಹಿಂಡಿಕೊಂಡು ಸಾಗಬೇಕು, ಸಿಕ್ಕಿಕೊಂಡವು ಎಷ್ಟು ಬಫರ್ ಬಿಟ್ಟರೂ ಪೂರ್ತಿ ಬರಲ್ಲ. ನಾನು ಎಣಿಸಿದ್ದರಲ್ಲಿ ಬಹುಪಾಲು ನಾಳದೊಳಗಿನವೇ. ನಾಳ ದಾಟಿ, ವೈರಸ್ ಇದ್ದ ಎಪಿಥೀಲಿಯಂ (ಗಾಳಿದಾರಿಯ ಒಳಪದರ) ಹತ್ತಿರ ಹೋದವು ಸ್ವಲ್ಪ, ಔಷಧದಿಂದ ಬದಲಾಗಿದ್ದೂ ಅವೇ. ಒಟ್ಟು ಲೆಕ್ಕದಲ್ಲಿ ಆ ವ್ಯತ್ಯಾಸ ಮುಚ್ಚಿಹೋಗಿತ್ತು. 2012ರಲ್ಲೇ ಇದು ಪ್ರಕಟವಾಗಿತ್ತು, ನಾನು ಓದಿರಲಿಲ್ಲ.

ಪರಿಹಾರ ಸುಲಭ. ಇಲಿಯನ್ನು ಕೊಲ್ಲುವ 3 ನಿಮಿಷ ಮೊದಲು ಫ್ಲೋರೋಫೋರ್ (ಹೊಳೆಯುವ ಬಣ್ಣ) ಕಟ್ಟಿದ ಸಿಡಿ45 ಆಂಟಿಬಾಡಿಯನ್ನು ಬಾಲದ ರಕ್ತನಾಳಕ್ಕೆ ಕೊಡಿ; ಸಿಡಿ45 ಎಲ್ಲಾ ಬಿಳಿ ರಕ್ತಕಣಗಳ ಮೇಲೂ ಇರುತ್ತದೆ. ಅಷ್ಟರಲ್ಲಿ ಅದು ನಾಳದೊಳಗಿನ ಕಣಗಳಿಗೆ ಅಂಟುತ್ತದೆ, ಅಂಗಾಂಶದೊಳಗಿನವನ್ನು ಹೆಚ್ಚಾಗಿ ಮುಟ್ಟಲ್ಲ. ಹಾಗಾಗಿ ಬಣ್ಣ ಹತ್ತದವೇ ನಾಳ ದಾಟಿದ ಕಣಗಳು. ಪ್ರತಿ ಇಲಿಯ ರಕ್ತವನ್ನೂ ಫ್ಲೋಗೆ ಹಾಕಿ. ಅಲ್ಲಿ ಹೆಚ್ಚುಕಡಿಮೆ ಎಲ್ಲಾ ಬಿಳಿ ರಕ್ತಕಣಗಳಿಗೂ ಬಣ್ಣ ಹತ್ತಿರಬೇಕು. ಹತ್ತಿಲ್ಲವಾದರೆ ಸೂಜಿ ನಾಳ ತಪ್ಪಿದೆ, ಆ ಇಲಿಯ ಡೇಟಾ ಬಿಟ್ಟುಬಿಡಿ, ಎಷ್ಟೇ ಬೇಜಾರಾದರೂ. ಶ್ವಾಸಕೋಶ ತೊಳೆದ ದ್ರವದ ಆಲ್ವಿಯೋಲಾರ್ ಮ್ಯಾಕ್ರೋಫೇಜ್‌ಗಳು ನಾಳದ ಹೊರಗೆ, ಗಾಳಿಚೀಲದಲ್ಲಿರುವ ರಕ್ಷಣಾ ಕಣಗಳು, ಅವಕ್ಕೆ ಬಣ್ಣ ಹತ್ತಿರಬಾರದು.

ಅಂಗಾಂಶದಲ್ಲಿ ನೆಲೆಸಿದ ಕಣಗಳ ಗುರುತು ಅನ್ನುವ ಸಿಡಿ69, ಸಿಡಿ103 ಮಾರ್ಕರ್‌ಗಳು ಇದ್ದರೆ ಸಾಕಲ್ವಾ ಅಂತೀರೇನೋ. ಸಾಲದು. ಈಗಷ್ಟೇ ಚುರುಕಾದ ಕಣದ ಮೇಲೂ ಸಿಡಿ69 ಬರುತ್ತದೆ, ಸಿಡಿ103 ಇಲ್ಲದೆ ಅಂಗಾಂಶದಲ್ಲೇ ನೆಲೆಸಿದ ಕಣಗಳೂ ಇವೆ. ಸೋಂಕಾಗಿ 8ರಿಂದ 10 ದಿನದ ಹೊತ್ತಿಗೆ ಟಿ ಕಣಗಳು ತುಂಬಿಕೊಂಡಿರುತ್ತವೆ, ಆಗಂತೂ ಸಿಡಿ69 ನೋಡಿ ಜಾಗ ಊಹಿಸಲೇಬೇಡಿ.

ಹೊಸ ಮಾರ್ಕರ್‌ಗೆ ಅಂತ ಇಟ್ಟ ಚಾನೆಲ್ (ಯಂತ್ರ ಒಂದು ಬಣ್ಣ ಓದುವ ಜಾಗ) ಈ ಸಿಡಿ45 ಇಂಜೆಕ್ಷನ್‌ಗೇ ಕೊಡಿ. ನಿಮ್ಮ ಎಥಿಕ್ಸ್ ಅನುಮತಿಯಲ್ಲಿ ಈ ಇಂಜೆಕ್ಷನ್ ಇದೆಯಾ ನೋಡಿ, ಇಲ್ಲದಿದ್ದರೆ ಮುಂದಿನ ಬ್ಯಾಚ್‌ಗೆ ಸೋಂಕು ಕೊಡುವ ಮೊದಲೇ ತಿದ್ದುಪಡಿ ಕೇಳಿ.