‘ಕಂಡುಹಿಡಿದರು’ ಅಂದರೆ ಸಾಲದು

ಪ್ರಿಯರೇ,

ಸೂರ್ಯನ ಬೆಳಕು ನಮ್ಮನ್ನು ತಲುಪುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡು ವಾಕ್ಯಗಳಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಅವುಗಳ ಬಗ್ಗೆಯಷ್ಟೇ ಬರೆಯುತ್ತೇನೆ.

‘ನಾವು ಸೂರ್ಯೋದಯ ನೋಡುವಾಗ ಸೂರ್ಯ ಹುಟ್ಟಿ ಆಗಲೇ ಎಂಟು ನಿಮಿಷವಾಗಿರುತ್ತದೆ’ ಎಂದಿದ್ದೀರಿ. ಓದಿ ಸಿಟ್ಟೇ ಬಂತು, ಏಕೆಂದರೆ ಇದನ್ನು ಎಲ್ಲರೂ ಬರೆಯುತ್ತಾರೆ. ಕಣ್ಣಿಗೆ ಬಿದ್ದ ಬೆಳಕು ಎಂಟು ನಿಮಿಷ ಹಳೆಯದು, ನಿಜ. ಆದರೆ ಸೂರ್ಯೋದಯ ಸೂರ್ಯನಲ್ಲಿ ನಡೆಯುವುದಲ್ಲ, ಭೂಮಿ ತಿರುಗುವುದರಿಂದ ಇಲ್ಲಿ ಆಗುವುದು. ನಾವು ಮಲಗಿದ್ದಾಗಲೂ ಭೂಮಿಯ ಇನ್ನೊಂದು ಮಗ್ಗುಲಿಗೆ ಬಿಸಿಲು ಬೀಳುತ್ತಲೇ ಇತ್ತು. ನಮ್ಮ ಊರು ತಿರುಗುತ್ತಾ ಬಂದು ಆ ಬಿಸಿಲಿಗೆ ಮುಖ ಒಡ್ಡುತ್ತದೆ. ಅದಕ್ಕೆ ಎಂಟು ನಿಮಿಷ ಕಾಯಬೇಕಿಲ್ಲ. ಆಗುವುದು ಇದರ ತದ್ವಿರುದ್ಧ. ವಾತಾವರಣ ಬೆಳಕನ್ನು ಬಾಗಿಸುವುದರಿಂದ ದಿಗಂತದ ಸೂರ್ಯ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಮೇಲೆ ಕಾಣುತ್ತಾನೆ. ಹೀಗಾಗಿ ನಮ್ಮ ಕಡೆ ಅವನು ಎರಡು ನಿಮಿಷಕ್ಕೂ ಹೆಚ್ಚು ಮೊದಲೇ ಕಾಣಿಸಿಕೊಳ್ಳುತ್ತಾನೆ. ಇದನ್ನು ಬರೆದಿದ್ದರೆ ಓದುಗರು ಮರುದಿನ ಬೆಳಗ್ಗೆ ಎದ್ದು ಪೂರ್ವಕ್ಕೆ ನೋಡುತ್ತಿದ್ದರು.

ಎರಡನೆಯದು: ‘1676ರಲ್ಲಿ ರೋಮರ್ ಎಂಬ ವಿಜ್ಞಾನಿ ಬೆಳಕಿನ ವೇಗ ಕಂಡುಹಿಡಿದರು.’ ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಹಿರಿಯ ಸಹಸಂಪಾದಕರೊಬ್ಬರು ಕರಡಚ್ಚಿನಲ್ಲಿ ‘ಕಂಡುಹಿಡಿದರು’ ಕಂಡಲ್ಲೆಲ್ಲ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಹೇಗೆ?’ ಎಂದು ಬರೆಯುತ್ತಿದ್ದರು. ಉತ್ತರ ಹುಡುಕಿಕೊಂಡು ಲೈಬ್ರರಿಗೆ ಹೋಗುವುದು ನನ್ನ ಪಾಲಿನ ಕೆಲಸ. ರೋಮರ್ ನನಗೆ ಪರಿಚಯವಾದದ್ದೇ ಹಾಗೆ. ಪುಟ ಅಚ್ಚಿಗೆ ಹೋಗುವ ಹೊತ್ತಾದರೂ ಅವರು ಉತ್ತರ ಬರೆಸದೆ ಬಿಡುತ್ತಿರಲಿಲ್ಲ, ಅದಕ್ಕೆ ನಾನು ಇಂದಿಗೂ ಋಣಿ.

ಆ ಉತ್ತರ ನಿಮ್ಮ ಲೇಖನದಲ್ಲಿಲ್ಲ. ಡೆನ್ಮಾರ್ಕಿನ ಓಲೆ ರೋಮರ್ ಆಗ ಪ್ಯಾರಿಸ್ ವೀಕ್ಷಣಾಲಯದಲ್ಲಿದ್ದರು. ಗುರುವಿನ ಚಂದ್ರ ಅಯೋ ಸುಮಾರು 42 ಗಂಟೆ 30 ನಿಮಿಷಕ್ಕೊಮ್ಮೆ ಗುರುವನ್ನು ಸುತ್ತುತ್ತದೆ, ಪ್ರತಿ ಸುತ್ತಿಗೂ ಗುರುವಿನ ನೆರಳಿನಲ್ಲಿ ಮರೆಯಾಗುತ್ತದೆ. ಭೂಮಿ ಗುರುವಿನಿಂದ ದೂರ ಸರಿಯುವ ತಿಂಗಳುಗಳಲ್ಲಿ ಈ ಗ್ರಹಣಗಳು ತಡವಾಗುತ್ತಾ ಹೋಗುತ್ತವೆ, ಹತ್ತಿರ ಬರುವಾಗ ಬೇಗ ಆಗುತ್ತಾ ಬರುತ್ತವೆ. ಅಯೋ ತಡಮಾಡುತ್ತಿಲ್ಲ, ಬೆಳಕಿನ ದಾರಿ ಉದ್ದವಾಗುತ್ತಿದೆ ಎಂದರು ರೋಮರ್. ಆ ವರ್ಷದ ನವೆಂಬರ್ 9ರ ಗ್ರಹಣ ಹತ್ತು ನಿಮಿಷ ತಡವಾಗುತ್ತದೆಂದು ಮುಂಚಿತವಾಗಿ ಹೇಳಿಯೂಬಿಟ್ಟರು! ಭೂಕಕ್ಷೆಯ ಅಡ್ಡಗಲ ದಾಟಲು ಬೆಳಕಿಗೆ 22 ನಿಮಿಷ ಬೇಕೆಂಬುದು ಅವರ ಲೆಕ್ಕ. ಇಂದಿನ ಲೆಕ್ಕದಲ್ಲಿ ಅದು 17 ನಿಮಿಷಕ್ಕೂ ಕಡಿಮೆ. ಅದರ ಅರ್ಧವೇ ನಿಮ್ಮ ‘ಎಂಟು ನಿಮಿಷ’. ಇನ್ನು ವೇಗದ ಅಂಕಿ ರೋಮರ್ ಕೊಡಲಿಲ್ಲ, ಅವರ ಲೆಕ್ಕವನ್ನು ಹಿಡಿದು ಅದನ್ನು ತೆಗೆದವರು ಡಚ್ ವಿಜ್ಞಾನಿ ಹೈಗನ್ಸ್.

ನಿಮ್ಮ ಲೇಖನದ ಕಪ್ಪುರಂಧ್ರದ ಪ್ಯಾರಾ ತೆಗೆದುಬಿಡಿ, ಇದಕ್ಕೆ ಜಾಗ ಸಿಗುತ್ತದೆ. ಬೆಳಕು ಸೂರ್ಯನಿಂದ ಇಲ್ಲಿಗೆ ಬರಲು ನೀವು ಕೊಟ್ಟಿರುವ ‘8 ನಿಮಿಷ 19 ಸೆಕೆಂಡು’ ಎಂಬುದರ ಮೊದಲು ‘ಸರಾಸರಿ’ ಸೇರಿಸಿ. ಜನವರಿ ಮೊದಲ ವಾರ ಅದು ಸುಮಾರು 8 ನಿಮಿಷ 11 ಸೆಕೆಂಡು, ಜುಲೈ ಮೊದಲ ವಾರ 8 ನಿಮಿಷ 27 ಸೆಕೆಂಡು. ತಿದ್ದಿದ ಪ್ರತಿ ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ