ದೊಡ್ಡ ಟೆಲಿಸ್ಕೋಪ್‌ನಲ್ಲೂ ಗೆಲಾಕ್ಸಿ ಮಸುಕಾಗಿ ಕಾಣುವುದು ಯಾಕೆ?

ಪ್ರಶ್ನೆ: ನಮ್ಮೂರಿನ ಖಗೋಳಾಸಕ್ತರ ಗುಂಪು ಊರ ಹೊರಗೆ 16 ಇಂಚಿನ ಟೆಲಿಸ್ಕೋಪ್ ಇಟ್ಟಿತ್ತು. ಸಾಲಿನಲ್ಲಿ ನಿಂತು ಎಂ51 ಗೆಲಾಕ್ಸಿ ನೋಡಿದೆ. ಎರಡು ಬೂದು ಮಚ್ಚೆ ಕಂಡವು, ಅಷ್ಟೇ. ಫೋಟೊದಲ್ಲಿ ಕಾಣುವ ಸುರುಳಿ ಎಲ್ಲಿ ಹೋಯಿತು? ಟೆಲಿಸ್ಕೋಪ್ ಸರಿ ಇರಲಿಲ್ಲವೇ, ಅಥವಾ ನಾನು ನೋಡಿದ್ದೇ ಸರಿ ಇಲ್ಲವೇ?
– ಶಿವಮೊಗ್ಗದ ಓದುಗರು

ಉತ್ತರ: ಟೆಲಿಸ್ಕೋಪ್ ಮೇಲೆ ಅನುಮಾನ ಬೇಡ. ಆ ಎರಡು ಮಚ್ಚೆಗಳಲ್ಲಿ ಒಂದು ಎಂ51ರ ನಡುಭಾಗ. ಇನ್ನೊಂದು ಅದಕ್ಕೆ ಅಂಟಿಕೊಂಡಂತಿರುವ ಚಿಕ್ಕ ಗೆಲಾಕ್ಸಿ, ಎನ್‌ಜಿಸಿ 5195. ಸುಮಾರು 3 ಕೋಟಿ ಜ್ಯೋತಿರ್ವರ್ಷ ದೂರದ ಎರಡು ಗೆಲಾಕ್ಸಿಗಳನ್ನು ನೀವು ಬೇರೆಬೇರೆಯಾಗಿ ಗುರುತಿಸಿದ್ದೀರಿ. ಆಕಾಶ ಕತ್ತಲಾಗಿದ್ದರೆ ಸುರುಳಿಯನ್ನೂ ಅದೇ ಟೆಲಿಸ್ಕೋಪಿನ 16 ಇಂಚು ಅಗಲದ ಕನ್ನಡಿ ತೋರಿಸುತ್ತದೆ. ಸಾಲಿನಲ್ಲಿ ನಿಂತು ನೋಡುವಾಗ ಸಿಗುವ ಅರೆ ನಿಮಿಷ ಮಾತ್ರ ಅದಕ್ಕೆ ಸಾಲುವುದಿಲ್ಲ.

ಫೋಟೊ ಜೊತೆ ಹೋಲಿಸುವುದನ್ನು ಮೊದಲು ಬಿಡಿ. ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕೂಡಿಡುತ್ತದೆ. ಕಣ್ಣು ಹಾಗೆ ಕೂಡಿಡುವುದು ಒಂದು ಸೆಕೆಂಡಿಗಿಂತಲೂ ತುಂಬಾ ಕಡಿಮೆ ಹೊತ್ತು. ಬಣ್ಣ ಗುರುತಿಸುವ ಶಂಕುಕೋಶಗಳು ಇಷ್ಟು ಮಂದ ಬೆಳಕಿಗೆ ಎಚ್ಚರಗೊಳ್ಳುವುದೇ ಇಲ್ಲ. ಆಗ ನೋಡುವ ಕೆಲಸವೆಲ್ಲ ದಂಡಕೋಶಗಳದ್ದು, ಅವಕ್ಕೆ ಬಣ್ಣ ತಿಳಿಯದು. ಹೆಚ್ಚು ಪ್ರಖರವಾದ ಮಹಾವ್ಯಾಧದ ನೀಹಾರಿಕೆ ಮಾತ್ರ ತುಸು ಹಸಿರಾಗಿ ಕಾಣಬಹುದು, ಕೆಲವು ಪುಟ್ಟ ಗ್ರಹೀಯ ನೀಹಾರಿಕೆಗಳು (ಸಾಯುವ ನಕ್ಷತ್ರ ಹೊರಚೆಲ್ಲಿದ ಅನಿಲದ ಮೋಡಗಳು) ನೀಲಿ-ಹಸಿರಾಗಿ ಹೊಳೆಯುತ್ತವೆ. ಗೆಲಾಕ್ಸಿಗಳು ಬೂದುಬಣ್ಣವೇ.

ಇನ್ನು ನೋಡುವ ಕ್ರಮ. ದಂಡಕೋಶಗಳು ಕತ್ತಲಿಗೆ ಹೊಂದಿಕೊಳ್ಳಲು ಕನಿಷ್ಠ 20-30 ನಿಮಿಷ ಬೇಕು. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವಸ್ತು ಬೆಳಕು ಬಿದ್ದರೆ ಕರಗುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಫೋನ್ ತೆಗೆದು ಒಮ್ಮೆ ಟೈಮ್ ನೋಡಿದರೂ ಸಾಕು, ಅಷ್ಟು ಹೊತ್ತು ಕಾದದ್ದರಲ್ಲಿ ಬಹುಪಾಲು ಹೋಯಿತು. ಅದಕ್ಕೇ ವೀಕ್ಷಕರು ಮಂದ ಕೆಂಪು ಟಾರ್ಚ್ ಬಳಸುವುದು: ದಂಡಕೋಶಗಳಿಗೆ ಕಡು ಕೆಂಪು ಬೆಳಕು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಫೋನಿನ ಕೆಂಪು ಸ್ಕ್ರೀನ್ ಕೂಡ ಬಹಳ ಸಲ ಪ್ರಖರವಾಗೇ ಇರುತ್ತದೆ. ಜೇಬಿನಲ್ಲೇ ಇರಲಿ.

ಎರಡನೆಯದು ಓರೆನೋಟ. ಕಣ್ಣಿನ ನಟ್ಟನಡುವೆ ದಂಡಕೋಶಗಳೇ ಇಲ್ಲ, ಇರುವುದೆಲ್ಲ ಸುತ್ತಲಿನ ಭಾಗದಲ್ಲಿ. ಮಸುಕಾದ ವಸ್ತುವನ್ನು ನೇರ ದಿಟ್ಟಿಸಿದರೆ ಮಾಯವಾಗುವುದು ಇದರಿಂದಲೇ. ಬಲಗಣ್ಣಿನಲ್ಲಿ ನೋಡುತ್ತಿದ್ದರೆ ಗೆಲಾಕ್ಸಿಯ ಸ್ವಲ್ಪ ಬಲಕ್ಕೆ ದೃಷ್ಟಿ ಇಡಿ, ಎಡಗಣ್ಣಾದರೆ ಎಡಕ್ಕೆ. ಅಂದರೆ ಗೆಲಾಕ್ಸಿ ನಿಮ್ಮ ಮೂಗಿನ ಕಡೆಗೆ ಬರಬೇಕು. ಇನ್ನೊಂದು ಬದಿಯಲ್ಲಿ ಕಣ್ಣಿನ ಕುರುಡುಚುಕ್ಕೆ ಇದೆ, ಅಲ್ಲಿ ಏನೂ ಕಾಣದು. ಇದನ್ನು ಅಭ್ಯಾಸ ಮಾಡಲು ರಾಜಹಂಸ ಪುಂಜದ ಎನ್‌ಜಿಸಿ 6826 ಎಂಬ ಗ್ರಹೀಯ ನೀಹಾರಿಕೆಗಿಂತ ಒಳ್ಳೆಯದು ಸಿಗಲಾರದು. ನೇರ ನೋಡಿದರೆ ನಡುವಿನ ನಕ್ಷತ್ರ ಮಾತ್ರ ಉಳಿಯುತ್ತದೆ, ಪಕ್ಕಕ್ಕೆ ಕಣ್ಣು ಸರಿಸಿದರೆ ಸುತ್ತ ದುಂಡನೆಯ ಬೆಳಕು ಥಟ್ಟನೆ ಉಬ್ಬುತ್ತದೆ. ಎಷ್ಟು ಸಲ ನೋಡಿದರೂ ಖುಷಿ ಕೊಡುವ ಆಟ ಅದು.

ಸ್ಟೂಲ್ ಮೇಲೆ ಆರಾಮಾಗಿ ಕೂತು ನೋಡಿ. ಕತ್ತು ತಿರುಚಿಕೊಂಡು, ಉಸಿರು ಹಿಡಿದು ನೋಡಿದರೆ ಕಣ್ಣು ಬೇಗ ಸೋಲುತ್ತದೆ. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡರೆ ಅಕ್ಕಪಕ್ಕದ ಬೆಳಕು ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹತ್ತಿರ ಬರುವುದಿಲ್ಲ. ಟೆಲಿಸ್ಕೋಪನ್ನು ಮೆಲ್ಲಗೆ ಬೆರಳಿನಿಂದ ತಟ್ಟಿ. ಕಣ್ಣಿಗೆ ನಿಂತ ಮಸುಕಿಗಿಂತ ಅಲುಗುವ ಮಸುಕು ಬೇಗ ಸಿಗುತ್ತದೆ. ಒಂದೇ ವಸ್ತುವಿಗೆ ಕಾಲು ಗಂಟೆ ಕೊಡಿ. ಸಾಧ್ಯವಾದರೆ ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸಿ. ಬಿಡಿಸಲು ಹೊರಟಾಗಲೇ ‘ಇಲ್ಲಿ ಒಂದು ಗೆರೆ ಇದೆಯಾ?’ ಎಂದು ಕಣ್ಣು ಹುಡುಕಲು ಶುರು ಮಾಡುವುದು.

ಎಂ51ರ ಸುರುಳಿಯನ್ನು ಜಗತ್ತು ಮೊದಲು ಕಂಡದ್ದೂ ಹೀಗೆಯೇ. 1845ರಲ್ಲಿ ಐರ್ಲೆಂಡಿನ ಬರ್ ಕೋಟೆಯಲ್ಲಿ ಲಾರ್ಡ್ ರಾಸ್ ತಮ್ಮ 72 ಇಂಚಿನ ಟೆಲಿಸ್ಕೋಪ್‌ನಲ್ಲಿ ನೋಡಿ, ಕೈಯಲ್ಲೇ ಚಿತ್ರ ಬಿಡಿಸಿದರು. ಅದು ಬೇಗ ಮಂಕಾಗುವ ಲೋಹದ ಕನ್ನಡಿ, ಐರ್ಲೆಂಡಿನದು ಮೋಡದ ಆಕಾಶ. ಇವತ್ತಿನ 16 ಇಂಚಿನ ಗಾಜಿನ ಕನ್ನಡಿಯಲ್ಲಿ, ಒಳ್ಳೆಯ ಕತ್ತಲಲ್ಲಿ, ಆ ತೋಳುಗಳು ಖಂಡಿತ ಕಾಣುತ್ತವೆ. ಶಿವರಾತ್ರಿಯ ಸುತ್ತಮುತ್ತ ಇಲ್ಲವೇ ಯುಗಾದಿ ಅಮಾವಾಸ್ಯೆಯ ಸುತ್ತಮುತ್ತ ಆ ಗುಂಪಿನವರ ಜೊತೆ ಹೊರಡಿ. ಎರಡೂ ಚಂದ್ರನಿಲ್ಲದ ರಾತ್ರಿಗಳು, ಗೆಲಾಕ್ಸಿಗಳಿಗೆ ಹೇಳಿ ಮಾಡಿಸಿದ ಕಾಲ. ಜನರ ಸಾಲು ಕರಗಿದ ಮೇಲೆ, ಮಧ್ಯರಾತ್ರಿ ದಾಟಿದಾಗ, ಸಪ್ತರ್ಷಿ ಮಂಡಲದ ಬಾಲದ ತುದಿಯ ಮರೀಚಿ ನಕ್ಷತ್ರದ ಪಕ್ಕಕ್ಕೆ ಟೆಲಿಸ್ಕೋಪ್ ತಿರುಗಿಸಲು ಕೇಳಿ.

ಪ್ರಶ್ನೆ: ನನ್ನ ಬಳಿ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಇದೆ. ಬೆಂಗಳೂರಿನ ನಮ್ಮ ಮನೆ ಟೆರೇಸ್ ಮೇಲಿಂದ ಗೆಲಾಕ್ಸಿಗಳು ಕಾಣುವುದೇ ಇಲ್ಲ. 16 ಇಂಚಿನದು ತೆಗೆದುಕೊಂಡರೆ ಕಾಣುತ್ತವೆಯೇ?
– ಬೆಂಗಳೂರಿನ ಓದುಗರು

ಉತ್ತರ: ಟೆರೇಸ್ ಮೇಲೇ ಇಟ್ಟು ಗೆಲಾಕ್ಸಿ ನೋಡಲೆಂದಾದರೆ, ದಯವಿಟ್ಟು ತೆಗೆದುಕೊಳ್ಳಬೇಡಿ. ಕಾರಣ ಹೇಳುತ್ತೇನೆ.

16 ಇಂಚಿನ ಕನ್ನಡಿ 8 ಇಂಚಿನದಕ್ಕಿಂತ 4 ಪಟ್ಟು ಬೆಳಕು ಹಿಡಿಯುತ್ತದೆ, ನಿಜ. ಆದರೆ ನಕ್ಷತ್ರ ಒಂದು ಚುಕ್ಕಿ, ಗೆಲಾಕ್ಸಿ ಹರಡಿಕೊಂಡ ಬೆಳಕು. ಹರಡಿದ ಬೆಳಕಿನ ಕಾಂತಿಯನ್ನು ಬರಿಗಣ್ಣಿಗೆ ಕಾಣುವುದಕ್ಕಿಂತ ಹೆಚ್ಚಿಸಲು ಯಾವ ಟೆಲಿಸ್ಕೋಪಿಗೂ ಆಗದು. ಅದು ಮಾಡುವುದು ಹಿಗ್ಗಿಸುವುದನ್ನು. 8 ಇಂಚಿನಲ್ಲಿ 70 ಪಟ್ಟು ಹಿಗ್ಗಿಸಿದಾಗ ಗೆಲಾಕ್ಸಿ ಎಷ್ಟು ಮಸುಕೋ, 16 ಇಂಚಿನಲ್ಲಿ 140 ಪಟ್ಟು ಹಿಗ್ಗಿಸಿದಾಗಲೂ ಅಷ್ಟೇ ಮಸುಕು. ಗಾತ್ರ ಮಾತ್ರ ಎರಡರಷ್ಟು. ಆ ಗಾತ್ರವೇ ದೊಡ್ಡ ಲಾಭ. ಮುಸ್ಸಂಜೆಯಲ್ಲಿ ಬಸ್ಸಿನ ಬೋರ್ಡು ಓದಬಹುದು, ಕೈಯಲ್ಲಿರುವ ಟಿಕೆಟ್ ಓದಲಾಗದು, ಅಲ್ವಾ? ಮಂದ ಬೆಳಕಿನಲ್ಲಿ ಕಣ್ಣಿಗೆ ದೊಡ್ಡದು ಮಾತ್ರ ಸಿಗುತ್ತದೆ.

ಆದರೆ ಊರಿನ ಬೆಳಕು ತುಂಬಿದ ಆಕಾಶವನ್ನೂ ಟೆಲಿಸ್ಕೋಪ್ ಹಾಗೆಯೇ ಹಿಗ್ಗಿಸುತ್ತದೆ. ಗೆಲಾಕ್ಸಿಗೂ ಅದರ ಹಿನ್ನೆಲೆಗೂ ಇರುವ ವ್ಯತ್ಯಾಸ ಕನ್ನಡಿ ದೊಡ್ಡದಾದ ಮಾತ್ರಕ್ಕೆ ಜಾಸ್ತಿಯಾಗದು. ತ್ರಿಕೋಣ ಪುಂಜದ ಎಂ33 ಒಳ್ಳೆಯ ಉದಾಹರಣೆ. ಅದರ ಪ್ರಕಾಶಾಂಕ (ಅಂಕಿ ಕಡಿಮೆಯಾದಷ್ಟು ಹೊಳಪು ಹೆಚ್ಚು) ಸುಮಾರು 5.7, ಓದಿದರೆ ಸುಲಭ ಅನಿಸುತ್ತದೆ. ಆದರೆ ಆ ಬೆಳಕೆಲ್ಲ ಹುಣ್ಣಿಮೆ ಚಂದ್ರನಿಗಿಂತ ಅಗಲವಾದ ಜಾಗದಲ್ಲಿ ಹರಡಿದೆ. ಕತ್ತಲ ಹಳ್ಳಿಯಲ್ಲಿ ಬೈನಾಕ್ಯುಲರ್‌ಗೇ ಕಾಣುವ ಈ ಗೆಲಾಕ್ಸಿ ಬೆಂಗಳೂರಿನ ನಡುವೆ ದೊಡ್ಡ ಟೆಲಿಸ್ಕೋಪಿಗೂ ಕಷ್ಟ.

ಹಾಗಾಗಿ ನನ್ನ ಸಲಹೆ: ಆ ದುಡ್ಡಿನಲ್ಲಿ ಸ್ವಲ್ಪವನ್ನು ಪೆಟ್ರೋಲಿಗೆ ಹಾಕಿ. ಇರುವ 8 ಇಂಚನ್ನೇ ಕಾರಿನ ಹಿಂದೆ ಇಟ್ಟುಕೊಂಡು ನಗರದ ಬೆಳಕು ದಾಟಿ ಹೋಗಿ. ಬರಿಗಣ್ಣಿಗೆ ಆಕಾಶಗಂಗೆ ಸ್ಪಷ್ಟವಾಗಿ ಕಾಣುವ ಜಾಗ ಸಿಕ್ಕರೆ ಸಾಕು. ಕನ್ಯಾ ರಾಶಿಯಲ್ಲಿ ಗೆಲಾಕ್ಸಿಗಳು ಗುಂಪುಗುಂಪಾಗಿ ಸಿಗುತ್ತವೆ. ಅದೇ ರಾಶಿಯ 3ಸಿ 273 ಎಂಬ ಕ್ವೇಸಾರ್ (ಬಹುದೂರದ ಗೆಲಾಕ್ಸಿಯೊಂದರ ಅತಿ ಪ್ರಖರ ನಡುಭಾಗ) ಕೂಡ 8 ಇಂಚಿಗೆ ಒಂದು ಮಂದ ಚುಕ್ಕಿಯಾಗಿ ಸಿಗುತ್ತದೆ. ಆ ಬೆಳಕು ಹೊರಟು ಸುಮಾರು 200 ಕೋಟಿ ವರ್ಷವಾಗಿದೆ! ನಿಮ್ಮ ಕಣ್ಣಿಗೇ ನೇರವಾಗಿ ಬಂದು ಬೀಳುವ ಬೆಳಕು ಅದು. ನಾನು ಇಡೀ ಹವ್ಯಾಸದಲ್ಲಿ ಇದಕ್ಕಿಂತ ದೊಡ್ಡ ಸುಖ ಕಂಡಿಲ್ಲ.

ತಿಂಗಳಿಗೊಮ್ಮೆ ಹಾಗೆ ಹೋಗುವ ರೂಢಿಯಾದ ಮೇಲೆ 16 ಇಂಚು ಖಂಡಿತ ತೆಗೆದುಕೊಳ್ಳಿ, ಅದರ ಬೆಲೆ ಆಗ ತಿಳಿಯುತ್ತದೆ. ಕಳಚಿ ಜೋಡಿಸುವಂಥದ್ದೇ ಇರಲಿ. ಎತ್ತಲು ಇಬ್ಬರು ಬೇಕು, ನಿಮ್ಮ ಕಾರಿಗೆ ಹಿಡಿಯುತ್ತದೆಯೇ ಎಂದು ಅಳತೆ ತೆಗೆದೇ ಕೊಳ್ಳಿ. ಸಂಜೆಯೇ ಹೊರಗಿಟ್ಟು ಕನ್ನಡಿ ತಣಿಯಲು ಬಿಡಬೇಕು, ಹಿಂದೆ ಒಂದು ಸಣ್ಣ ಫ್ಯಾನ್ ಇದ್ದರೆ ಒಳ್ಳೆಯದು. ಪ್ರತಿ ಸಲ ಜೋಡಿಸಿದಾಗಲೂ ಕೊಲಿಮೇಶನ್ (ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವುದು) ಸರಿ ಮಾಡಬೇಕು.

ಅಂದಹಾಗೆ, ಡಾಬ್ಸೋನಿಯನ್ ಹೆಸರು ಬಂದದ್ದು ಜಾನ್ ಡಾಬ್ಸನ್ ಅವರಿಂದ. ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠದಲ್ಲಿ ಅವರು 23 ವರ್ಷ ಸನ್ಯಾಸಿಯಾಗಿದ್ದರು. ಹಡಗಿನ ಕಿಟಕಿಯ ಗಾಜು ಉಜ್ಜಿ ಕನ್ನಡಿ ಮಾಡಿ, ಪ್ಲೈವುಡ್ ಪೆಟ್ಟಿಗೆಯ ಮೇಲೆ ಕೂರಿಸಿ, ಬೀದಿಯಲ್ಲಿ ಹೋಗುವವರಿಗೆಲ್ಲ ಆಕಾಶ ತೋರಿಸಿದವರು. ಸಾಮಾನ್ಯ ಜನರ ಕೈಗೆ ದೊಡ್ಡ ಕನ್ನಡಿ ಸಿಕ್ಕದ್ದು ಬಹುಮಟ್ಟಿಗೆ ಅವರಿಂದಲೇ.

ಪ್ರಶ್ನೆ: ಫಿಲ್ಟರ್ ಹಾಕಿದರೆ ಎಲ್ಲವೂ ಚೆನ್ನಾಗಿ ಕಾಣುತ್ತವೆ ಎನ್ನುತ್ತಾರೆ. ಯಾವುದನ್ನು ಕೊಳ್ಳಲಿ?
– ತುಮಕೂರಿನ ಓದುಗರು

ಉತ್ತರ: ಎಲ್ಲವೂ ಅಲ್ಲ. ಗೆಲಾಕ್ಸಿ ಮತ್ತು ತಾರಾಗುಚ್ಛಗಳ ಬೆಳಕು ನಕ್ಷತ್ರಗಳದ್ದು, ಎಲ್ಲ ಬಣ್ಣಗಳೂ ಬೆರೆತದ್ದು. ಫಿಲ್ಟರ್ ಹಾಕಿದರೆ ಅವು ಇನ್ನಷ್ಟು ಮಂಕಾಗುತ್ತವೆ. ಹೊಳೆಯುವ ಅನಿಲದ ನೀಹಾರಿಕೆಗಳು ಮಾತ್ರ ಕೆಲವೇ ತರಂಗಾಂತರಗಳಲ್ಲಿ ಬೆಳಗುತ್ತವೆ. ಒಂದೇ ಫಿಲ್ಟರ್ ಕೊಳ್ಳುವುದಾದರೆ ಓ-3 ತೆಗೆದುಕೊಳ್ಳಿ. ಅದು 496 ಮತ್ತು 501 ನ್ಯಾನೊಮೀಟರ್ ಸುತ್ತಲಿನ ಆಮ್ಲಜನಕದ ಬೆಳಕನ್ನು ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ದೀಪಾವಳಿಯ ಹೊತ್ತಿನ ಸಂಜೆ ರಾಜಹಂಸದ ವೇಲ್ ನೀಹಾರಿಕೆಯನ್ನು ಫಿಲ್ಟರ್ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ ನೋಡಿ. ಪಟಾಕಿ ಹೊಗೆಯಿಂದ ದೂರ ಇರಬೇಕು, ಅಷ್ಟೇ.

ಹೈಡ್ರೋಜನ್-ಬೀಟಾ ಫಿಲ್ಟರ್ ಉಪಯೋಗಕ್ಕೆ ಬರುವ ವಸ್ತುಗಳು ಬೆರಳೆಣಿಕೆಯಷ್ಟು. ಮಹಾವ್ಯಾಧದ ಕುದುರೆತಲೆ ನೀಹಾರಿಕೆಯ ಬೆನ್ನು ಹತ್ತಿದವರಿಗೆ ಮಾತ್ರ ಬೇಕು. ಅದು ಸಿಗುವುದೂ ದೊಡ್ಡ ಕನ್ನಡಿ, ಗಾಢ ಕತ್ತಲೆ, ಪಳಗಿದ ಕಣ್ಣು ಮೂರೂ ಒಟ್ಟಿಗೆ ಇದ್ದಾಗ.

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. ಏಪ್ರಿಲ್‌ನಲ್ಲಿ ಹಾಸನದ ಹತ್ತಿರದ ನಮ್ಮ ಊರಿಗೆ ಬರುತ್ತೇನೆ. ಗೆಳೆಯರ 12 ಇಂಚಿನ ಟೆಲಿಸ್ಕೋಪ್ ಸಿಗುತ್ತದೆ. ಇಲ್ಲಿ ಕಾಣದ್ದು ಅಲ್ಲಿ ಏನು ನೋಡಬಹುದು?
– ಮಿಷಿಗನ್‌ನ ಕನ್ನಡಿಗರು

ಉತ್ತರ: ದಕ್ಷಿಣಕ್ಕೆ ತಿರುಗಿ! ನಿಮ್ಮ ಊರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಮಿಷಿಗನ್‌ನಲ್ಲಿ ದಿಗಂತಕ್ಕೆ ತಾಗಿ ಮುಳುಗಿಹೋಗುವ ಒಮೆಗಾ ಸೆಂಟಾರಿ ಇಲ್ಲಿ ಸುಮಾರು 29 ಡಿಗ್ರಿ ಎತ್ತರಕ್ಕೆ ಬರುತ್ತದೆ. ನಮ್ಮ ಆಕಾಶಗಂಗೆಯ ಅತಿ ದೊಡ್ಡ ಗೋಳಾಕಾರದ ತಾರಾಗುಚ್ಛ ಅದು, ದೂರ ಸುಮಾರು 17 ಸಾವಿರ ಜ್ಯೋತಿರ್ವರ್ಷ. 12 ಇಂಚಿನಲ್ಲಿ ಐಪೀಸ್ ತುಂಬ ಅಂಚಿನಿಂದ ನಡುವಿನವರೆಗೆ ಬಿಡಿಬಿಡಿ ನಕ್ಷತ್ರಗಳು. ಅದರಿಂದ ನಾಲ್ಕೂವರೆ ಡಿಗ್ರಿ ಉತ್ತರಕ್ಕೆ ಸರಿದರೆ ಎನ್‌ಜಿಸಿ 5128 ಗೆಲಾಕ್ಸಿ. ದುಂಡನೆಯ ಬೆಳಕನ್ನು ಅಗಲವಾದ ಕಪ್ಪು ಪಟ್ಟಿಯೊಂದು ಎರಡಾಗಿ ಸೀಳಿರುವುದು ಓರೆನೋಟಕ್ಕೆ ಚೆನ್ನಾಗಿ ಸಿಗುತ್ತದೆ. ಏಪ್ರಿಲ್ ಮಧ್ಯದಲ್ಲಿ ಇವೆರಡೂ ಮಧ್ಯರಾತ್ರಿಯ ಸುಮಾರಿಗೆ ದಕ್ಷಿಣದಲ್ಲಿ ತಮ್ಮ ಅತಿ ಎತ್ತರಕ್ಕೆ ಬರುತ್ತವೆ.

ಅದಕ್ಕಿಂತ ಮುಂಚೆ, ರಾತ್ರಿ ಒಂಬತ್ತೂವರೆ ಹೊತ್ತಿಗೆ, ಈಟಾ ಕೆರೀನಾ ನೀಹಾರಿಕೆ ದಕ್ಷಿಣದಲ್ಲಿ 17 ಡಿಗ್ರಿ ಎತ್ತರದಲ್ಲಿರುತ್ತದೆ. ಮರ, ಗುಡ್ಡ ಅಡ್ಡ ಬರದ ಜಾಗ ಮೊದಲೇ ನೋಡಿಟ್ಟುಕೊಳ್ಳಿ. ಓ-3 ಫಿಲ್ಟರ್ ಇದ್ದರೆ ಮರೆಯದೆ ತನ್ನಿ. ಆಮೇಲೆ ಫಿಲ್ಟರ್ ತೆಗೆದು, ಹೆಚ್ಚು ಹಿಗ್ಗಿಸಿ, ಈಟಾ ನಕ್ಷತ್ರವನ್ನೇ ನೋಡಿ. 1840ರ ದಶಕದಲ್ಲಿ ಅದು ಸ್ಫೋಟಿಸಿ ಉಗುಳಿದ ಕಿತ್ತಳೆ ಬಣ್ಣದ ಪುಟ್ಟ ಮೋಡ ಸುತ್ತ ಕಾಣುತ್ತದೆ.

ಏಪ್ರಿಲ್‌ನಲ್ಲಿ ಸಂಜೆ ಗುಡುಗಿ ಒಂದು ಮಳೆ ಬರುವುದುಂಟು. ಆಗ ಕಾರ್ಯಕ್ರಮ ರದ್ದು ಮಾಡಿ ಮಲಗಬೇಡಿ. ಮಳೆ ಗಾಳಿಯ ಧೂಳನ್ನೆಲ್ಲ ತೊಳೆದಿರುತ್ತದೆ, ಹನ್ನೊಂದರ ಹೊತ್ತಿಗೆ ಮೋಡ ಸರಿದರೆ ದಕ್ಷಿಣದ ಆಕಾಶ ದಿಗಂತದವರೆಗೂ ತಿಳಿಯಾಗಿರುತ್ತದೆ. ಆದರೆ ಇಬ್ಬನಿ ಜಾಸ್ತಿ ಇಳಿಯುತ್ತದೆ. ಐಪೀಸ್‌ಗಳನ್ನು ಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಿ, ಟೆಲಿಸ್ಕೋಪಿನ ಮೇಲ್ತುದಿಯ ಚಿಕ್ಕ ಕನ್ನಡಿ ಮಂಜಾಗಿದೆಯೇ ಎಂದು ಆಗಾಗ ನೋಡುತ್ತಿರಿ.