ಕುಡಿತ ಬಿಡಿಸುವ ಡಾಕ್ಟರ್ ಆಗಬೇಕು ಅಂದರೆ ಏನು ಓದಬೇಕು? ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ

ಪ್ರಶ್ನೆ: ದಾವಣಗೆರೆಯಲ್ಲಿ ಹೌಸ್‌ಸರ್ಜನ್ ಆಗಿದ್ದೇನೆ. ಸೈಕಿಯಾಟ್ರಿ ಪೋಸ್ಟಿಂಗ್‌ನಲ್ಲಿ ಕುಡಿತ ಬಿಡಲು ಬಂದವರನ್ನು ನೋಡಿದ ಮೇಲೆ ಇದೇ ಕೆಲಸ ಮಾಡಬೇಕು ಅನಿಸಿದೆ. ಮನೆಯಲ್ಲಿ ಮಾತ್ರ ‘ಇಷ್ಟೆಲ್ಲ ಓದಿ ಕುಡುಕರ ಡಾಕ್ಟರ್ ಆಗ್ತೀಯಾ’ ಅಂತಾರೆ. ಇದಕ್ಕೆ ಬೇರೆ ಕೋರ್ಸ್ ಇದೆಯಾ? ಏನು ಕಲಿಸುತ್ತಾರೆ?

ಉತ್ತರ: ಇದೆ. ಮೊದಲು ಎಂಡಿ ಸೈಕಿಯಾಟ್ರಿ, 3 ವರ್ಷ. ಆಮೇಲೆ ಅಡಿಕ್ಷನ್ ಸೈಕಿಯಾಟ್ರಿಯಲ್ಲಿ, ಅಂದರೆ ವ್ಯಸನ ಚಿಕಿತ್ಸೆಯಲ್ಲಿ, ಡಿಎಂ ಅನ್ನುವ ಮೇಲಿನ ಪದವಿ, ಮತ್ತೆ 3 ವರ್ಷ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ದೆಹಲಿಯ ಏಮ್ಸ್‌ನಲ್ಲಿದೆ, ಚಂಡೀಗಢದ ಪಿಜಿಐನಲ್ಲೂ ಇದೆ. ಸೀಟು ಬೆರಳೆಣಿಕೆಯಷ್ಟೇ.

ಏನು ಕಲಿಸುತ್ತಾರೆ ಅಂದರೆ, ಮೊದಲು ಪ್ರಶ್ನೆ ಕೇಳೋದನ್ನೇ ಹೊಸದಾಗಿ ಕಲೀಬೇಕು. ‘ಕುಡೀತೀರಾ?’ ಅಂದರೆ ‘ಇಲ್ಲ ಸಾರ್, ಯಾವಾಗಲೋ ಒಂದ್ಸಲ’ ಅಂತಾರೆ, ಅಲ್ಲಿಗೆ ಮಾತು ಮುಗಿಯಿತು. ‘ಕೊನೇ ಸಲ ಕುಡಿದಿದ್ದು ಯಾವಾಗ? ಎಷ್ಟು?’ ಅಂತ ಸಹಜವಾಗಿ ಕೇಳಿದರೆ ‘ನಿನ್ನೆ ರಾತ್ರಿ, ಒಂದು ಕ್ವಾರ್ಟರ್’ ಅಂತ ಬರುತ್ತದೆ. ಕ್ವಾರ್ಟರ್ ಅಂದರೆ 180 ಎಂಎಲ್. ವಿಸ್ಕಿ, ರಮ್ಮಿನಂಥದ್ದು 30 ಎಂಎಲ್‌ಗೆ ಸುಮಾರು 10 ಗ್ರಾಂ ಆಲ್ಕೋಹಾಲ್, ಹಾಗಾಗಿ ದಿನಕ್ಕೆ 60 ಗ್ರಾಂ. ‘ಬೆಳಿಗ್ಗೆ ಎದ್ದರೆ ಕೈ ನಡುಗುತ್ತೆ ಸಾರ್, ಒಂದು 90 ಹಾಕಿದ್ರೆ ಸರಿಹೋಗುತ್ತೆ’ ಅಂತ ಯಾರಾದರೂ ಹೇಳಿದರೆ ಅಲ್ಲೇ ಕಿವಿ ನಿಮಿರಬೇಕು. ಆ ವ್ಯಕ್ತಿಯ ಮೈ ಈಗಾಗಲೇ ಮದ್ಯಕ್ಕೆ ಒಗ್ಗಿಹೋಗಿದೆ, ದಿಢೀರ್ ಬಿಡಿಸಿದರೆ ಫಿಟ್ಸ್ ಬರಬಹುದು.

ಆಮೇಲೆ ಔಷಧಿಗಳು. ಹೆರಾಯಿನ್ ಬಿಡಿಸಲು ಕೊಡುವ ಬ್ಯುಪ್ರಿನಾರ್ಫಿನ್ ಮಾತ್ರೆಯನ್ನೇ ನೋಡಿ. ಹೆರಾಯಿನ್ ಇನ್ನೂ ಮೈಯಲ್ಲಿರುವಾಗಲೇ ಕೊಟ್ಟರೆ ವಾಂತಿ, ಬೇಧಿ, ಮೈಕೈ ನೋವು ಎಲ್ಲ ಒಮ್ಮೆಲೇ ಶುರುವಾಗಿ ರೋಗಿ ಮತ್ತೆ ನಿಮ್ಮ ಹತ್ತಿರ ಬರೋದೇ ಇಲ್ಲ. ಆಕಳಿಕೆ, ಮೂಗು ಸೋರೋದು, ಕಣ್ಣಿನ ಪಾಪೆ ಅಗಲ ಆಗೋದು, ಇವೆಲ್ಲ ಹೆರಾಯಿನ್ ಇಳಿಯುತ್ತಿರುವ ಗುರುತು, ಇವು ಕಾಣುವ ತನಕ ಕಾದು ಕೊಡಬೇಕು. ಪುಸ್ತಕದಲ್ಲಿ ಎರಡೇ ಸಾಲು ಇರುತ್ತದೆ. ಸೀನಿಯರ್ ಪಕ್ಕದಲ್ಲಿ ನಿಂತು ಹತ್ತಾರು ರೋಗಿಗಳನ್ನು ನೋಡದೆ ಕಣ್ಣಿಗೆ ಅದರ ಅಂದಾಜು ಸಿಗೋದಿಲ್ಲ.

ಎಲ್ಲಕ್ಕಿಂತ ಕಷ್ಟ ಮಾತು. ಮೂರು ತಿಂಗಳು ಬಿಟ್ಟಿದ್ದವರು ಮತ್ತೆ ಕುಡಿದು, ತಲೆ ತಗ್ಗಿಸಿಕೊಂಡು ಓಪಿಡಿ ಬಾಗಿಲಲ್ಲಿ ನಿಂತಿರುತ್ತಾರೆ. ‘ಮತ್ತೆ ಶುರು ಮಾಡಿದ್ರಾ?’ ಅನ್ನೋದು ಬಾಯಿಗೆ ಬಂದೇಬಿಡುತ್ತದೆ. ಅದನ್ನು ನುಂಗಿಕೊಂಡು ‘ಬಂದಿದ್ದು ಒಳ್ಳೇದಾಯ್ತು, ಕೂತ್ಕೊಳ್ಳಿ, ಆ ಮೂರು ತಿಂಗಳು ಹೇಗೆ ತಡ್ಕೊಂಡ್ರಿ ಹೇಳಿ’ ಅನ್ನಬೇಕು. ಸಕ್ಕರೆ ಕಾಯಿಲೆಯವರಿಗೆ ಶುಗರ್ ಏರಿದರೆ ನಾವು ಬೈದು ಕಳಿಸ್ತೀವಾ? ಇಲ್ಲ ಅಲ್ವಾ. ಇದೂ ಹಾಗೇ.

ಮನೆಯವರಿಗೆ ಈ ಲೆಕ್ಕ ಹೇಳಿ. 2019ರಲ್ಲಿ ಬಂದ ರಾಷ್ಟ್ರೀಯ ಸರ್ವೆ ಪ್ರಕಾರ ಮದ್ಯದಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು ದೇಶದಲ್ಲಿ 5.7 ಕೋಟಿ. ಕುಡಿತಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ 38 ಜನರಿಗೆ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಜನರೂ ಯಾರದೋ ಮನೆಯವರೇ. ನೀವು ಖಂಡಿತ ಬನ್ನಿ.

ಪ್ರಶ್ನೆ: ರಾಯಚೂರು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯ. ಕಾಲು ಮುರಿದುಕೊಂಡು ಬಂದವರು ಎರಡು ದಿನ ಚೆನ್ನಾಗಿದ್ದು ಮೂರನೇ ದಿನ ಹುಚ್ಚು ಹಿಡಿದವರ ಹಾಗೆ ಆಡುತ್ತಾರೆ. ಕುಡಿತ ನಿಂತಿದ್ದಕ್ಕೆ ಅಂತ ಗೊತ್ತು, ಆದರೆ ಮುಟ್ಟಲು ಧೈರ್ಯ ಇಲ್ಲ, ಜಿಲ್ಲಾಸ್ಪತ್ರೆಗೆ ಕಳಿಸಿಬಿಡುತ್ತೇನೆ. ಕೆಲಸ ಬಿಡದೆ ತರಬೇತಿ ಪಡೆಯಬಹುದಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ನಿಜಕ್ಕೂ ಖುಷಿಯಾಯಿತು ಸಾರ್. ಡಿಎಂ ಮಾಡಿದವರು ತಾಲ್ಲೂಕಿಗೊಬ್ಬರು ಸಿಗುವ ಕಾಲ ನನಗಂತೂ ಕಾಣಿಸುತ್ತಿಲ್ಲ. ನಿಮ್ಮಂಥವರು ಕಲಿತರೇನೇ ಜೀವ ಉಳಿಯೋದು.

ಆ ಮೂರನೇ ದಿನದ ಸಂಜೆ ನಮಗೆಲ್ಲ ಗೊತ್ತಿರುವಂಥದ್ದೇ. ರೋಗಿ ಬೆಡ್‌ಶೀಟ್ ಕೀಳ್ತಾ ಇರ್ತಾರೆ, ಗೋಡೆ ಮೇಲೆ ಹುಳ ಹರಿದಾಡ್ತಿದೆ ಅಂತಾರೆ, ಮೈಯೆಲ್ಲ ಬೆವರು, ನಾಡಿ ಓಡುತ್ತಿರುತ್ತದೆ. ಮನೆಯವರು ‘ಗಾಳಿ ಸೋಕಿದೆ’ ಅಂತ ನಿಂಬೆಹಣ್ಣು ತಂದಿರುತ್ತಾರೆ. ಇದು ಡೆಲಿರಿಯಂ ಟ್ರೆಮೆನ್ಸ್, ಕುಡಿತ ದಿಢೀರ್ ನಿಂತಾಗ ಬರುವ ಗಂಭೀರ ಸ್ಥಿತಿ. ಕೊನೆಯ ಸಲ ಕುಡಿದು ಸಾಮಾನ್ಯವಾಗಿ 48ರಿಂದ 96 ಗಂಟೆಯೊಳಗೆ ಬರುತ್ತದೆ. ಸುಮ್ನೆ ಕೈಕಾಲು ಕಟ್ಟಿ ಮಲಗಿಸಿದರೆ ಪ್ರಾಣಕ್ಕೇ ಅಪಾಯ. ಅಡ್ಮಿಟ್ ಮಾಡಿಕೊಂಡ ದಿನವೇ ಕುಡಿತದ ಬಗ್ಗೆ ಕೇಳಿ, ಮೊದಲೇ ಲೊರಾಜೆಪಾಮ್‌ನಂಥ, ನರಗಳನ್ನು ಶಾಂತ ಮಾಡುವ ಔಷಧಿ ಶುರು ಮಾಡಿದರೆ ಬಹಳಷ್ಟು ಸಲ ಆ ಸಂಜೆ ಬರೋದೇ ಇಲ್ಲ. ಲಿವರ್ ಕೆಟ್ಟಿದ್ದರೆ ಈ ಬಗೆಯ ಬೇರೆ ಔಷಧಿಗಳಿಗಿಂತ ಲೊರಾಜೆಪಾಮ್ ಕ್ಷೇಮ. ಇನ್ನೊಂದು ಮಾತು, ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಡಿ. ಆ ವಿಟಮಿನ್ ಇಲ್ಲದೆ ಸೊರಗಿದ ಮಿದುಳಿಗೆ ಬರೀ ಗ್ಲೂಕೋಸ್ ಹೋದರೆ ಹಾನಿಯಾಗಬಹುದು, ನೆನಪಿನ ಶಕ್ತಿ ಶಾಶ್ವತವಾಗಿ ಹೋದವರೂ ಇದ್ದಾರೆ. ಥಯಮಿನ್‌ಗೆ ಖರ್ಚೂ ಜಾಸ್ತಿ ಇಲ್ಲ.

ತರಬೇತಿಗೆ ನಿಮ್ಹಾನ್ಸ್‌ನ ವರ್ಚುವಲ್ ನಾಲೆಜ್ ನೆಟ್‌ವರ್ಕ್ ವಿಚಾರಿಸಿ. ನಿಮ್ಮ ಆಸ್ಪತ್ರೆಯಲ್ಲೇ ಕೂತು ಮೊಬೈಲಿನಲ್ಲಿ ಸೇರಿಕೊಂಡು ನಿಮ್ಮದೇ ಕೇಸನ್ನು ತಜ್ಞರ ಮುಂದೆ ಇಡಬಹುದು, ಬೇರೆ ಊರಿನ ವೈದ್ಯರ ಕೇಸೂ ಕೇಳಬಹುದು. ಈ ಪದ್ಧತಿ ಶುರುವಾಗಿದ್ದು 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ. ಡಾ. ಸಂಜೀವ್ ಅರೋರಾ ಅವರು ಹೆಪಟೈಟಿಸ್ ಸಿ ರೋಗಿಗಳಿಗಾಗಿ ಇದನ್ನು ಕಟ್ಟಿದರು. ಹಳ್ಳಿ ಡಾಕ್ಟರಿಗೆ ಕಲಿಸಿದರೆ ರೋಗಿ ನೂರಾರು ಮೈಲಿ ಅಲೆಯಬೇಕಿಲ್ಲ ಅನ್ನೋದು ಅವರ ಲೆಕ್ಕ. ನಮ್ಮ ಕಡೆಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ನಿಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರ ಫೋನ್ ನಂಬರನ್ನೂ ಇಟ್ಟುಕೊಳ್ಳಿ, ಮೊದಲ ಕೆಲವು ಕೇಸುಗಳನ್ನು ಅವರ ಜೊತೆ ಮಾತಾಡಿಕೊಂಡೇ ನೋಡಿ.

ಪ್ರಶ್ನೆ: ಮಗಳು ಅಮೆರಿಕದಲ್ಲಿ ಫ್ಯಾಮಿಲಿ ಮೆಡಿಸಿನ್ ಮಾಡಿದ್ದಾಳೆ. ಮನೋವೈದ್ಯೆ ಅಲ್ಲ. ವ್ಯಸನ ಚಿಕಿತ್ಸೆಗೆ ಹೋಗಬಹುದಾ? (ಶಿವಮೊಗ್ಗ)

ಉತ್ತರ: ಅಲ್ಲಿ ಹೋಗಬಹುದು. 2016ರಲ್ಲಿ ಅಡಿಕ್ಷನ್ ಮೆಡಿಸಿನ್ ಅನ್ನು ಅಲ್ಲಿ ಪ್ರತ್ಯೇಕ ಉಪವಿಭಾಗವಾಗಿ ಮಾನ್ಯ ಮಾಡಿದರು. ಫ್ಯಾಮಿಲಿ ಮೆಡಿಸಿನ್, ಮಕ್ಕಳ ವೈದ್ಯ, ಯಾವ ರೆಸಿಡೆನ್ಸಿ (ನಮ್ಮ ಎಂಡಿಯಂಥ ತರಬೇತಿ) ಮುಗಿಸಿದವರೂ ಒಂದು ವರ್ಷದ ಫೆಲೋಶಿಪ್‌ಗೆ ಸೇರಬಹುದು. ನಮ್ಮಲ್ಲಿ ಡಿಎಂಗೆ ಎಂಡಿ ಸೈಕಿಯಾಟ್ರಿ ಅಥವಾ ಅದಕ್ಕೆ ಸಮನಾದ ಪದವಿ ಆಗಿರಲೇಬೇಕು. ಫಿಸಿಷಿಯನ್‌ಗಳಿಗೂ ಈ ಬಾಗಿಲು ತೆಗೆಯಬೇಕು ಅಂತ ನನ್ನ ಆಸೆ. ಲಿವರ್ ಕೆಟ್ಟು ಬರುವವರು ಮೊದಲು ಹೋಗೋದು ಅವರ ಹತ್ತಿರವೇ.

ಪ್ರಶ್ನೆ: ಮಗ ಕುಡೀತಾನೆ. ಒಬ್ಬರು ಒಂದು ಪುಡಿ ಕೊಟ್ಟು ‘ಸಾರಿನಲ್ಲಿ ಬೆರೆಸಿ ಹಾಕಮ್ಮ, ಅವನಿಗೆ ಹೇಳಬೇಡ’ ಅಂದಿದ್ದಾರೆ. ಹತ್ತು ದಿನದಿಂದ ಹಾಕ್ತಾ ಇದೀನಿ. ತಪ್ಪಾ? ಸರಿಯಾದ ಡಾಕ್ಟರನ್ನು ಗುರುತಿಸೋದು ಹೇಗೆ? (ಮಂಡ್ಯ)

ಉತ್ತರ: ಅಮ್ಮಾ, ಇವತ್ತೇ ನಿಲ್ಲಿಸಿ. ನಿಮ್ಮ ತಪ್ಪಲ್ಲ, ಕೊಟ್ಟವರದ್ದು. ಇಂಥ ಪುಡಿಯಲ್ಲಿ ಡೈಸಲ್ಫಿರಾಮ್ ಅನ್ನುವ, ಕುಡಿತ ಬಿಡಿಸಲು ಬಳಸುವ ಔಷಧಿ ಇರಬಹುದು. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದು ಜೀವಕ್ಕೇ ಕುತ್ತು ಬರಬಹುದು. ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪ್ರಭಾವ ಉಳಿಯುತ್ತದೆ, ಆದ್ದರಿಂದ ಮಗನಿಗೆ ಹೇಳಿಬಿಡಿ. ಕೋಪ ಮಾಡಿಕೊಂಡರೂ ಪರವಾಗಿಲ್ಲ. ತರಬೇತಿ ಆದ ಡಾಕ್ಟರು ಈ ಔಷಧಿಯನ್ನು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುತ್ತಾರೆ. ರಕ್ತ ಪರೀಕ್ಷೆ ಮಾಡಿಸದೆ, ಕುಡಿತದ ಪ್ರಮಾಣ ಕೇಳದೆ ‘ಬಿಟ್ಟುಹೋಗಿ, ಮೂರು ತಿಂಗಳು ನೋಡೋಕೆ ಬರಬೇಡಿ’ ಅನ್ನುವ ಕೇಂದ್ರ ಬೇಡ. ಬಲವಂತವಾಗಿ ತಲೆ ಬೋಳಿಸೋದು, ಸರಪಳಿ ಹಾಕೋದು 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಷಿದ್ಧ.

ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ, ಪುಡಿಯ ಪೊಟ್ಟಣ ತೆಗೆದುಕೊಂಡು ಹೋಗಿ. ಅದಕ್ಕೂ ಮೊದಲು 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಗ ಬರಲ್ಲ ಅಂದರೆ ನೀವೊಬ್ಬರೇ ಹೋಗಿ ಕೂತುಕೊಳ್ಳಿ, ರೋಗಿ ಇಲ್ಲದೆ ಬಂದ ತಾಯಂದಿರ ಜೊತೆ ಮಾತಾಡೋದೂ ನಮ್ಮ ತರಬೇತಿಯ ಭಾಗವೇ.